ಕಟ್ಟಡ ಬಿದ್ದ ಮೇಲೆ ನಿದ್ದೆ ಬಾರದವರನ್ನು ಯಾರು ಕೇಳಬೇಕು?

2019ರ ಮಾರ್ಚ್ 19ರ ಮಧ್ಯಾಹ್ನ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಬಿತ್ತು. 19 ಜನ ಸತ್ತರು. 60 ಗಂಟೆ ದಾಟಿದ ಮೇಲೂ ಅವಶೇಷದಡಿಯಿಂದ ಜೀವಂತ ಹೊರಬಂದವರಿದ್ದರು. ಟಿವಿ ಮುಂದೆ ಕೂತ ನಾವೆಲ್ಲ ‘ಪವಾಡ’ ಅಂದೆವು. ಅವರಿಗೆ ಆಮೇಲೆ ನಿದ್ದೆ ಬಂತಾ ಅಂತ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ನೆರೆ ಬಂತು. ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ ಪರಿಹಾರ ಕೊಟ್ಟರು. ಮನಸ್ಸಿನ ಹಾನಿಗೆ ಅಂಥ ಕಾಲಮ್ಮೇ ಇರಲಿಲ್ಲ.

‘ಹಂಗಾದ್ರ ಎಲ್ಲಾರ್ಗೂ ಡಾಕ್ಟರ್ ಬೇಕೇನ್ರೀ?’ ಅಂತ ಕೇಳುವವರಿದ್ದಾರೆ. ಬೇಡ. ದುರಂತದ ನಂತರ ನಿದ್ದೆ ಕೆಡುವುದು, ಸಣ್ಣ ಸದ್ದಿಗೂ ಬೆಚ್ಚುವುದು, ‘ನಾನೊಬ್ಬನೇ ಯಾಕ ಉಳಿದೆ’ ಅನ್ನಿಸುವುದು ಸಹಜ. ಹೆಚ್ಚಿನವರು ಮನೆಯವರ, ನೆರೆಯವರ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಆ ಆಸರೆಯೇ ಚದುರಿಹೋದಾಗ ಕಷ್ಟ. ಊರು ಬಿಟ್ಟು ಕೂಲಿಗೆ ಬಂದವನಿಗೆ ಇಲ್ಲಿ ಯಾವ ಓಣಿ, ಯಾವ ಕಟ್ಟೆ?

ಅದಕ್ಕೇ ಬೆಂಗಳೂರಿನ ನಿಮ್ಹಾನ್ಸ್ ಬೇರೆ ದಾರಿ ಹಿಡಿಯಿತು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ನಂತರ ಸ್ಥಳೀಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟಿತು. ಕಲಿಸಿದ್ದು ಮಹಾ ವಿದ್ಯೆಯೇನಲ್ಲ: ಅಳಲು ಬಿಡುವುದು, ಮಧ್ಯೆ ಬಾಯಿ ಹಾಕದೆ ಕೇಳುವುದು, ಯಾವುದಾದರೂ ಕೆಲಸದಲ್ಲಿ ಮತ್ತೆ ತೊಡಗಿಸುವುದು, ಭಜನೆ-ನಮಾಜಿನಿಂದ ಸಮಾಧಾನ ಸಿಗುತ್ತಿದ್ದರೆ ಅದಕ್ಕೂ ಜಾಗ ಕೊಡುವುದು. ವಾರಗಟ್ಟಲೆ ಊಟ ಬಿಟ್ಟವರನ್ನು, ಸಾಯುವ ಮಾತಾಡುವವರನ್ನು, ವಿಪರೀತ ಕುಡಿತಕ್ಕೆ ಬಿದ್ದವರನ್ನು ಗುರುತಿಸಿ ವೈದ್ಯರ ಬಳಿ ಕಳಿಸುವುದು. ಮಾಡಬಾರದ್ದೂ ಒಂದಿದೆ: ‘ಒಳಗ ಏನೇನಾತು, ಪೂರ್ತಿ ಹೇಳ್ರಿ’ ಅಂತ ಒತ್ತಾಯಿಸುವುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದು ಬೇಡ ಅನ್ನುತ್ತದೆ. ಮೈಕ್ ಹಿಡಿದ ನನ್ನ ವೃತ್ತಿಬಂಧುಗಳಿಗೆ ಇದನ್ನು ಯಾರಾದರೂ ಹೇಳಬೇಕು.

ವಿಚಿತ್ರ ಏನಂದ್ರೆ, ನಮ್ಮಲ್ಲಿ ಸಂಸ್ಥೆಗಳಿಗೆ ಬರವಿಲ್ಲ. ಡಿಮ್ಹಾನ್ಸ್ ಧಾರವಾಡದಲ್ಲೇ ಇದೆ. 2022ರಿಂದ ಟೆಲಿ ಮಾನಸ್‌ನ 14416 ಉಚಿತವಾಗಿ ಸಿಗುತ್ತದೆ. ಆದರೆ ಅಪ್ಪ ಸತ್ತ ಮೂರನೇ ದಿನ ಯಾರು ತಾವಾಗೇ ಫೋನ್ ಮಾಡ್ತಾರೆ? ಮನೆ ಬಾಗಿಲಿಗೆ ಹೋಗುವವರು ಆಶಾ, ಅಂಗನವಾಡಿ ಕಾರ್ಯಕರ್ತೆಯರು. ಈಗಿರುವ ಹೊರೆಯ ಮೇಲೆ ಇದನ್ನೂ ಪುಕ್ಕಟೆ ಹೇರಿದರೆ ಕೆಲಸ ಆಗುವುದಿಲ್ಲ. ತರಬೇತಿ ಬೇಕು, ಗೌರವಧನ ಬೇಕು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಈ ಬಗ್ಗೆ ಮಾರ್ಗಸೂಚಿ ತಂದದ್ದು 2009ರಲ್ಲಿ. ಮುಂದಿನ ಮಳೆಗಾಲದೊಳಗೆ ನಿಮ್ಮ ಕಾರ್ಪೊರೇಟರ್‌ರನ್ನು ಒಂದು ಪ್ರಶ್ನೆ ಕೇಳಿ: ‘ನಮ್ಮ ವಾರ್ಡಿನಾಗ ಇದರ ತರಬೇತಿ ಆದವರು ಯಾರ್ಯಾರಿದ್ದಾರ್ರೀ?’