ಮನೆಯ ಹಾಡಿನ ಯಂತ್ರವೂ ರಾಯಚೂರು ಸೀಮೆಯ ಆಡುನುಡಿಯೂ

ಬಾಯಿಮಾತನ್ನು ಕೇಳಿ ಹಾಡನ್ನು ಆರಂಭಿಸುವ, ನಿಲ್ಲಿಸುವ, ದನಿಯನ್ನು ಏರಿಸಿ ಇಳಿಸುವ ಯಂತ್ರಗಳು ಈಗ ಮನೆಗಳನ್ನು ಪ್ರವೇಶಿಸಿವೆ. ಕೆಲವು ಸ್ಪೀಕರಿನ ರೂಪದಲ್ಲಿವೆ, ಕೆಲವು ಟಿ.ವಿ.ಯಲ್ಲಿಯೋ ಮೊಬೈಲಿನಲ್ಲಿಯೋ ಅಡಗಿವೆ. ಗುಂಡಿಯನ್ನು ಒತ್ತಬಲ್ಲವರಿಗೆ ಇದೊಂದು ಅನುಕೂಲ ಮಾತ್ರ. ಕಣ್ಣು ಕಾಣದವರಿಗೆ, ಕೈ ನಡುಗುವ ವೃದ್ಧರಿಗೆ, ರಿಮೋಟಿನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದಲಾರದವರಿಗಾದರೋ ಇತರರ ನೆರವಿಲ್ಲದೆ ತಮಗೆ ಬೇಕಾದುದನ್ನು ಕೇಳಲು ಇದೊಂದೇ ಮಾರ್ಗವಾಗಬಹುದು. ಹೀಗಿದ್ದೂ ಇಂಥವರ ಮಾತೇ ಯಂತ್ರಕ್ಕೆ ಕಠಿನವಾಗುವುದೇಕೆ ಎಂಬುದನ್ನು ರಾಯಚೂರು ನಗರ, ಮಾನ್ವಿ ಮತ್ತು ದೇವದುರ್ಗಗಳ ಆಡುನುಡಿಯನ್ನು ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಮಾತನ್ನು ಗುರುತಿಸುವ ಯಂತ್ರವು ತೀರ ಹೊಸದಲ್ಲ. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ನಿರ್ಮಿತವಾದ 'ಆಡ್ರಿ' ಎಂಬ ಯಂತ್ರವು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು, ಅದೂ ತನಗೆ ಪರಿಚಿತವಾದ ಕಂಠದಿಂದ ಬಂದರೆ, ಚೆನ್ನಾಗಿ ಗುರುತಿಸುತ್ತಿತ್ತು. 1962ರಲ್ಲಿ ಐ.ಬಿ.ಎಂ. ಸಂಸ್ಥೆ ಪ್ರದರ್ಶಿಸಿದ 'ಷೂಬಾಕ್ಸ್' ಹದಿನಾರು ಶಬ್ದಗಳನ್ನು ಅರಿತಿತ್ತು: ಹತ್ತು ಅಂಕಿಗಳು, ಲೆಕ್ಕಕ್ಕೆ ಬೇಕಾದ ಆರು ಆಜ್ಞೆಗಳು. ಅಂದು ಮನುಷ್ಯನೇ ಯಂತ್ರದ ಶಬ್ದಗಳನ್ನು ಕಲಿಯಬೇಕಿತ್ತು. ಇಂದು ಯಂತ್ರವು ಮನುಷ್ಯನ ಮಾತನ್ನು ಕಲಿಯುವುದೆಂದು ಹೇಳುತ್ತಾರೆ. ಆದರೆ ಯಾವ ಮನುಷ್ಯನ ಮಾತನ್ನು ಎಂಬುದೇ ಪ್ರಶ್ನೆ.

ಯಂತ್ರದ ಕೆಲಸವನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಬಹುದು. ಮೊದಲನೆಯದು ಕೇಳುವುದು. ಮೈಕು ಹಿಡಿದ ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಸಲ ಅಳೆದು, ಸುಮಾರು 25 ಮಿಲಿಸೆಕೆಂಡುಗಳ ತುಣುಕುಗಳನ್ನಾಗಿ ಮಾಡಿ, ಒಂದೊಂದು ತುಣುಕಿನಲ್ಲಿಯೂ ಯಾವ ಕಂಪನಗಳು ಎಷ್ಟು ಬಲವಾಗಿವೆ ಎಂಬುದನ್ನು ಲೆಕ್ಕ ಹಾಕುತ್ತಾರೆ. ಎರಡನೆಯದು ಈ ಲೆಕ್ಕದಿಂದ ಶಬ್ದಗಳನ್ನು ಊಹಿಸುವುದು. ಮೊದಲೇ ಕೇಳಿಸಿದ ಸಾವಿರಾರು ಜನರ ಮಾತುಗಳಲ್ಲಿ ಯಾವುದನ್ನು ಇದು ಹೋಲುತ್ತದೆ ಎಂಬ ಸಂಭವನೀಯತೆಯೇ ಇಲ್ಲಿ ಆಧಾರ. ಮೂರನೆಯದು ಶಬ್ದಗಳಿಂದ ಇಷ್ಟಾರ್ಥವನ್ನು ತಿಳಿಯುವುದು, ಎಂದರೆ ಮಾಡಬೇಕಾದ ಕಾರ್ಯ ಯಾವುದು, ಬೇಕಾದ ಹಾಡು ಯಾವುದು ಎಂಬುದನ್ನು ನಿರ್ಧರಿಸುವುದು.

ಹಾಡಿನ ಯಂತ್ರಕ್ಕೆ ಮೊದಲ ಮೆಟ್ಟಿಲಿನಲ್ಲಿಯೇ ಒಂದು ವಿಶೇಷ ತೊಡಕಿದೆ. ತಾನೇ ಗಟ್ಟಿಯಾಗಿ ಹಾಡುತ್ತಿರುವಾಗ ಇನ್ನೊಬ್ಬರ ಮಾತನ್ನು ಕೇಳಬೇಕು. ತಾನು ಹೊರಗೆ ಕಳುಹಿಸುತ್ತಿರುವ ದನಿ ಯಾವುದೆಂಬುದು ಅದಕ್ಕೆ ಗೊತ್ತಿರುವುದರಿಂದ, ಮೈಕಿಗೆ ಮರಳಿ ಬಂದ ದನಿಯಿಂದ ಅದನ್ನು ಕಳೆದು ಉಳಿದುದನ್ನು ಪರೀಕ್ಷಿಸುತ್ತದೆ. ಆದರೆ ಗೋಡೆಗಳಿಂದ ಮರುಕಳಿಸುವ ದನಿ ಪೂರ್ತಿಯಾಗಿ ಕಳೆಯುವುದಿಲ್ಲ. ರಾಯಚೂರಿನ ಬೇಸಗೆಯಲ್ಲಿ ಹಗಲಿರುಳೂ ತಿರುಗುವ ಫ್ಯಾನು, ಕೂಲರುಗಳ ಸದ್ದು ಯಂತ್ರಕ್ಕೆ ಮೊದಲೇ ತಿಳಿದಿರುವುದೂ ಇಲ್ಲ. ಮೂರು ಮೀಟರ್ ದೂರದ ಮಂಚದ ಮೇಲಿನಿಂದ ವೃದ್ಧೆಯೊಬ್ಬಳು ಮೆಲುದನಿಯಲ್ಲಿ ಆಡಿದ ಮಾತು ಈ ಎಲ್ಲ ಸದ್ದಿನ ನಡುವಿನಿಂದ ಹೊರಬರಬೇಕು.

ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳಲ್ಲಿ ಎದುರಾಗುವುದು ನುಡಿಯ ತೊಡಕು. ಗ್ರಂಥಸ್ಥ ಕನ್ನಡದಲ್ಲಿ 'ಹಾಡನ್ನು ಹಾಕು' ಎನ್ನುವಲ್ಲಿ ಈ ಸೀಮೆಯವರು 'ಪದ ಹಚ್ಚು' ಎನ್ನುತ್ತಾರೆ. ಗೌರವಕ್ಕೆ 'ಹಚ್ರಿ' ಎಂದಾಗುವುದು. ಬರೆಹದ ಕನ್ನಡವನ್ನಷ್ಟೇ ಅರಿತ ಯಂತ್ರವು 'ಪದ' ಎಂದರೆ ಶಬ್ದವೆಂದೂ 'ಹಚ್ಚು' ಎಂದರೆ ದೀಪ ಹೊತ್ತಿಸುವುದೆಂದೂ ತಿಳಿದರೆ ಅದರ ತಪ್ಪೇನೂ ಅಲ್ಲ. 'ಕಡಿಮೆ' ಎಂಬುದು ಇಲ್ಲಿ 'ಕಡಿಮಿ', 'ಬೇಡ' ಎಂಬುದು 'ಬ್ಯಾಡ'. ಅಲ್ಲದೆ ಕನ್ನಡದಲ್ಲಿ ವಿಧಿ ನಿಷೇಧಗಳ ಭೇದವು ಕ್ರಿಯಾಪದದ ಕೊನೆಯಲ್ಲಿರುತ್ತದೆ. 'ನಿಲ್ಲಿಸು', 'ನಿಲ್ಲಿಸಬ್ಯಾಡ' ಎಂಬಿವುಗಳ ಮೊದಲ ಭಾಗ ಒಂದೇ. ಯಂತ್ರವು ಅವಸರಪಟ್ಟು ಅರ್ಧಮಾತಿಗೇ ಹಾಡನ್ನು ನಿಲ್ಲಿಸಿದರೆ ಹೇಳಿದುದಕ್ಕೆ ವಿರುದ್ಧವಾದುದನ್ನೇ ಮಾಡಿದಂತಾಯಿತು.

ರಾಯಚೂರು ನಗರದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹೈದರಾಬಾದ್ ರಾಜ್ಯದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಈ ಜಿಲ್ಲೆಯಲ್ಲಿ ಕನ್ನಡ, ತೆಲುಗು, ಉರ್ದು ಮಾತುಗಳು ಅಕ್ಕಪಕ್ಕದಲ್ಲಿ ಬಾಳಿವೆ. 'ಬಂದ್ ಮಾಡು', 'ಆವಾಜ್ ಕಮ್ಮಿ ಮಾಡು' ಎಂಬಲ್ಲಿ ನಾಮಪದ ಒಂದು ಮೂಲದ್ದು, ಕ್ರಿಯಾಪದ ಇನ್ನೊಂದರದು. ತೆಲುಗು ಮನೆಯಲ್ಲಿ 'ಪಾಟ ಪೆಟ್ಟು' ಎಂದರೆ ಹಾಡು ಹಾಕು ಎಂದರ್ಥ. ಕನ್ನಡದಲ್ಲಿ 'ಪೆಟ್ಟು' ಎಂದರೆ ಏಟು. ಮೊದಲು ಭಾಷೆಯನ್ನು ಆರಿಸಿಕೊಂಡು ಬಳಿಕ ಮಾತನಾಡಿರೆಂದು ಕೇಳುವ ಯಂತ್ರಕ್ಕೆ ಇಂಥ ಮನೆಯಲ್ಲಿ ನೆಲೆ ಸಿಗುವುದು ಕಷ್ಟ.

ಹಾಡುಗಳ ಹೆಸರುಗಳಲ್ಲಿಯೂ ತೊಡಕಿದೆ. ಈ ನೆಲ ದಾಸಸಾಹಿತ್ಯದ ನೆಲ. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಬ್ಯಾಗವಾಟ ಮಾನ್ವಿ ತಾಲ್ಲೂಕಿನವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. 'ಗೋಪಾಲದಾಸರ ಪದ ಹಚ್ಚು' ಎಂದು ಕೇಳುವವರು ಇಲ್ಲಿ ಅಪರೂಪವಲ್ಲ. ಯಂತ್ರದ ಪಟ್ಟಿಯಲ್ಲಿ ಈ ಹೆಸರುಗಳು ರೋಮನ್ ಲಿಪಿಯಲ್ಲಿ ಹಲವು ಬಗೆಯಾಗಿ ಬರೆಯಲ್ಪಟ್ಟಿರುತ್ತವೆ. ಕೆಲವೆಡೆ ಗಾಯಕರ ಹೆಸರಿದ್ದು ರಚಿಸಿದವರ ಹೆಸರೇ ಇರುವುದಿಲ್ಲ. ಆಗ ಮಾತು ಸರಿಯಾಗಿ ಕೇಳಿಸಿದರೂ ಹಾಡು ಸಿಕ್ಕದು.

ಪರಿಹಾರವು ಹೆಚ್ಚು ಮಾತನ್ನು ಸಂಗ್ರಹಿಸುವುದರಲ್ಲಿದೆ ಎಂಬುದು ಸರ್ವವಿದಿತ. ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ 2022ರಲ್ಲಿ ಪ್ರಕಟಿಸಿದ 'ವಾಣಿ' ಯೋಜನೆಯು ಮಾತನ್ನು ಭಾಷೆಯ ಲೆಕ್ಕದಲ್ಲಲ್ಲದೆ ಜಿಲ್ಲೆಯ ಲೆಕ್ಕದಲ್ಲಿ ಸಂಗ್ರಹಿಸಲು ಹೊರಟಿತು. ಅದರ ಮೊದಲ ಹಂತದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಇದು ಸ್ತುತ್ಯವಾದ ಕಾರ್ಯ. ಆದರೆ ಅಲ್ಲಿ ಜನರಿಗೆ ಚಿತ್ರಗಳನ್ನು ತೋರಿಸಿ ಅವರಿಂದ ವರ್ಣನೆಯನ್ನು ಪಡೆಯುತ್ತಾರೆ. ಚಿತ್ರವನ್ನು ವರ್ಣಿಸುವವರು 'ಹಚ್ರಿ', 'ತಡಿ', 'ಸಾಕು' ಎನ್ನುವ ಪ್ರಸಂಗ ವಿರಳ. ಆದ್ದರಿಂದ ಮನೆಯ ಆಜ್ಞಾವಾಕ್ಯಗಳನ್ನು ಮನೆಯಲ್ಲಿಯೇ, ಫ್ಯಾನು ತಿರುಗುತ್ತಿರುವಾಗ, ಹಾಡು ನಡೆಯುತ್ತಿರುವಾಗ, ಹೆಂಗಸರಿಂದಲೂ ವೃದ್ಧರಿಂದಲೂ ಮಕ್ಕಳಿಂದಲೂ ಅವರ ಒಪ್ಪಿಗೆಯೊಡನೆ ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂಬುದು ನಮ್ಮ ಅಭಿಪ್ರಾಯ. ಪರೀಕ್ಷೆಯಲ್ಲಿಯೂ ಕನ್ನಡಕ್ಕೆಲ್ಲ ಒಂದೇ ಸರಾಸರಿ ಅಂಕವನ್ನು ಕೊಟ್ಟರೆ ಸಾಲದು. ವಾರ್ತೆ ಓದುವವರ ಕನ್ನಡದಲ್ಲಿ ಉತ್ತೀರ್ಣವಾದ ಯಂತ್ರವು ದೇವದುರ್ಗದ ಹಳ್ಳಿಯಲ್ಲಿ ಎಷ್ಟು ಸಲ ಸೋಲುತ್ತದೆ ಎಂಬುದನ್ನು ಬೇರೆಯಾಗಿಯೇ ತೋರಿಸಬೇಕು. ಎಲ್ಲ ತಪ್ಪುಗಳೂ ಸಮನಲ್ಲ ಎಂಬುದನ್ನೂ ನೆನೆಯಬೇಕು. ಬೇರೊಂದು ಹಾಡು ಬಂದರೆ ಸಹಿಸಬಹುದು. ಮಗು ಮಲಗಿರುವಾಗ 'ನಿಲ್ಲಿಸು' ಎಂದರೂ ನಿಲ್ಲದ ಯಂತ್ರವನ್ನು ಸಹಿಸಲಾಗದು.

ಯಂತ್ರಕ್ಕೆ ಅರ್ಥವಾಗದಿದ್ದರೆ ಜನರು ಸುಮ್ಮನಿರುವುದಿಲ್ಲ, ತಮ್ಮ ಮಾತನ್ನೇ ಬದಲಿಸಿಕೊಳ್ಳುತ್ತಾರೆ. ಕಚೇರಿಯಲ್ಲಿ, ಶಾಲೆಯಲ್ಲಿ ಹಾಗೆ ಬದಲಿಸಿಕೊಂಡವರಿಗೆ ಸ್ವಂತ ನುಡಿಯನ್ನು ಸಂಕೋಚವಿಲ್ಲದೆ ಆಡಲು ಉಳಿದಿದ್ದ ಎಡೆ ಮನೆಯೊಂದೇ. ಅಲ್ಲಿಯೂ ಅಜ್ಜಿಯೊಬ್ಬಳು ಒಂದು ದಾಸರ ಪದಕ್ಕಾಗಿ ಮೊಮ್ಮಗನಿಂದ ಬೇರೊಂದು ಕನ್ನಡವನ್ನು ಕಲಿಯಬೇಕಾಗಿ ಬಂದರೆ, ಕಲಿಯಬೇಕಾದವರು ಅವಳಲ್ಲ, ಯಂತ್ರವನ್ನು ಮಾಡಿದವರು ಎಂದು ನಾವು ತಿಳಿಯುತ್ತೇವೆ.