ಬೆಳೆಯುವ ಹಳದಿಗೆ ಗಂಧಕದ ತಡೆ

ಕಾಲೇಜಿನಲ್ಲಿ ಲವಣ ವಿಶ್ಲೇಷಣೆ ಮಾಡಿದವರಿಗೆ ಹೈಡ್ರೋಜನ್ ಸಲ್ಫೈಡ್‌ನ ಕೊಳೆತ ಮೊಟ್ಟೆಯ ನಾತ ಮರೆಯುವಂಥದ್ದಲ್ಲ. ಕಿಪ್ ಉಪಕರಣದಿಂದ ಹೊರಟ ಆ ಅನಿಲವನ್ನು ಕ್ಯಾಡ್ಮಿಯಂ ಲವಣದ ತಿಳಿ ದ್ರಾವಣಕ್ಕೆ ಹಾಯಿಸಿದರೆ ಕಣ್ಣೆದುರಿಗೇ ದಟ್ಟ ಹಳದಿ ಪುಡಿ ಮೂಡಿ ತಳಕ್ಕಿಳಿಯುತ್ತದೆ. ಕಾಯಿಸುವುದೂ ಬೇಡ, ಒತ್ತಡವೂ ಬೇಡ. ಕ್ಯಾಡ್ಮಿಯಂ ಸಲ್ಫೈಡ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು; ಹಾಗಾಗಿ ಎರಡೂ ಅಯಾನುಗಳು ಎದುರಾದ ಗಳಿಗೆಯೇ ಕೂಡಿ ಗಟ್ಟಿಯಾಗುತ್ತವೆ.

ಕೋಣೆಯ ಉಷ್ಣತೆಯಲ್ಲಿ ಲೋಹದ ಸಲ್ಫೈಡ್ ಮಾಡುವುದು ಇಷ್ಟು ಸುಲಭ. ಕಷ್ಟವಿರುವುದು ಅದನ್ನು ಬೇಕಾದಲ್ಲಿ ನಿಲ್ಲಿಸುವುದರಲ್ಲಿ.

1983ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಲೂಯಿಸ್ ಬ್ರೂಸ್ ದ್ರಾವಣದಲ್ಲಿ ತೇಲುವ ಕ್ಯಾಡ್ಮಿಯಂ ಸಲ್ಫೈಡ್ ಕಣಗಳನ್ನು ಮೇಜಿನ ಮೇಲೆ ಇಟ್ಟಿದ್ದರು. ಒಂದು ದಿನ ಕಳೆಯುವಷ್ಟರಲ್ಲಿ ಅವು ಬೆಳಕು ಹೀರುವ ಬಗೆಯೇ ಬದಲಾಗಿತ್ತು. ಕಣಗಳು ಬೆಳೆದಿದ್ದವು. ಸುಮಾರು 4.5 ನ್ಯಾನೊಮೀಟರಿನ ಕಣಗಳನ್ನೂ 12.5 ನ್ಯಾನೊಮೀಟರಿನವನ್ನೂ ಹೋಲಿಸಿದಾಗ, ಚಿಕ್ಕವು ಹೀರುವ ಬೆಳಕು ನೀಲಿಯ ಕಡೆಗೆ ಸರಿದಿತ್ತು. ಕಣ ಕುಗ್ಗಿದಷ್ಟೂ ಎಲೆಕ್ಟ್ರಾನಿಗೆ ಓಡಾಡಲು ಜಾಗ ಕಡಿಮೆ, ಅದನ್ನು ಮೇಲೆಬ್ಬಿಸಲು ಬೇಕಾದ ಶಕ್ತಿ ಹೆಚ್ಚು. 2023ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರದಲ್ಲಿ ಬ್ರೂಸ್ ಅವರಿಗೂ ಪಾಲು ಸಿಕ್ಕಿತು.

ಬೆಳವಣಿಗೆಗೆ ತಡೆ ಹಾಕುವುದು ಥಯಾಲ್‌ಗಳು, ಅಂದರೆ ತುದಿಯಲ್ಲಿ ಗಂಧಕ ಮತ್ತು ಹೈಡ್ರೋಜನ್ ಇರುವ ಸಾವಯವ ಅಣುಗಳು. ಈ ಗಂಧಕ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಕಣದ ಹೊರಮೈಯ ಕ್ಯಾಡ್ಮಿಯಂಗೆ ಕೊಟ್ಟು ಕೋಆರ್ಡಿನೇಶನ್ ಬಂಧ ಕಟ್ಟುತ್ತದೆ. ಮೈಯೆಲ್ಲ ಹೀಗೆ ಮುಚ್ಚಿಹೋದರೆ ಹೊಸ ಸಲ್ಫೈಡ್ ಬಂದು ಕೂರಲು ಜಾಗವಿರದು. 1984ರಲ್ಲಿ ಇಯಾನ್ ಡಾನ್ಸ್ ಅವರ ತಂಡ ಪ್ರಕಟಿಸಿದ ಸಂಯುಕ್ತವಂತೂ ನನಗೆ ಇಂದಿಗೂ ಬೆರಗು: ಸರಿಯಾಗಿ 10 ಕ್ಯಾಡ್ಮಿಯಂ, 4 ಸಲ್ಫೈಡ್, ಸುತ್ತ 16 ಥಯೋಫೀನೊಲೇಟ್. ಅದು ಸ್ಫಟಿಕವಾಗಿ ಬೆಳೆಯುವುದರಿಂದ ಎಕ್ಸ್‌ಕಿರಣಗಳು ಅದರ ಒಂದೊಂದು ಪರಮಾಣುವಿನ ಜಾಗವನ್ನೂ ಹೇಳಿಬಿಡುತ್ತವೆ.

ಕಣಗಳ ಪುಡಿಯಲ್ಲಿ ಅಂಥ ಖಚಿತತೆ ಸಿಗದು; ಸುಳಿವುಗಳನ್ನು ಜೋಡಿಸಬೇಕು. ಕಣ ಚಿಕ್ಕದಾದಷ್ಟೂ ಎಕ್ಸ್‌ಕಿರಣ ನಕ್ಷೆಯ ಶಿಖರಗಳು ಅಗಲವಾಗುತ್ತವೆ. ಆ ಅಗಲದಿಂದ ಗಾತ್ರ ಅಂದಾಜು ಮಾಡುವ ಸೂತ್ರವನ್ನು ಪಾಲ್ ಶೆರರ್ 1918ರಲ್ಲೇ ಕೊಟ್ಟಿದ್ದರು. ಅವಕೆಂಪು ನಕ್ಷೆ ಇನ್ನೂ ಸೊಗಸು. ಬಿಡಿ ಥಯಾಲ್‌ನಲ್ಲಿ ಗಂಧಕ-ಹೈಡ್ರೋಜನ್ ಬಂಧ ಮಿಡಿಯುವ ಗುರುತು ಸೆಂಟಿಮೀಟರಿಗೆ ಸುಮಾರು 2,550 ಅಲೆಗಳ ಹತ್ತಿರ ಪುಟ್ಟ ತಗ್ಗಾಗಿ ಕಾಣುತ್ತದೆ. ತೊಳೆದು ಒಣಗಿಸಿದ ಪುಡಿಯಲ್ಲಿ ಆ ತಗ್ಗು ಮಾಯವಾಗಿ ಅಣುವಿನ ಉಳಿದ ಗುರುತುಗಳೆಲ್ಲ ಹಾಗೇ ಇದ್ದರೆ, ಹೈಡ್ರೋಜನ್ ಬಿಟ್ಟ ಗಂಧಕ ಲೋಹವನ್ನು ಹಿಡಿದಿದೆ ಎನ್ನಲು ಒಳ್ಳೆಯ ಆಧಾರ.

ಬೆಂಕಿಯಿಲ್ಲದೆ ಆಗುತ್ತದೆಂದು ಇದನ್ನು ನಿರಪಾಯವೆಂದುಕೊಳ್ಳಬಾರದು. ಕ್ಯಾಡ್ಮಿಯಂ ವಿಷ, ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ; ಮಿಕ್ಕ ದ್ರಾವಣವನ್ನು ಸಿಂಕಿಗೆ ಸುರಿಯುವಂತಿಲ್ಲ. ಕಲಿಯುವವರಿಗೆ ನಾನು ಸತುವಿನ ಸಲ್ಫೈಡನ್ನೇ ಸೂಚಿಸುತ್ತೇನೆ. ಅದು ಬಿಳಿ. ತಯಾರಿಸುವಾಗ ತುಸು ಮ್ಯಾಂಗನೀಸ್ ಲವಣ ಸೇರಿಸಿ ಅದು ಕಣದೊಳಗೆ ಸೇರಿಕೊಂಡರೆ, ಅತಿನೇರಳೆ ದೀಪದಡಿ ಪುಡಿ ಕಿತ್ತಳೆ ಬಣ್ಣದ ಬೆಳಕು ಬೀರುತ್ತದೆ.