ಬಸ್ ಫ್ರೀ, ಪದವಿ ಮಾತ್ರ ಬಾಕಿ

‘ಎರಡ ಪೇಪರ್ ಬ್ಯಾಕ್ ಉಳದಾವ್ರೀ.’ ಖಾನಾಪುರದಿಂದ ಬೆಳಗಾವಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಹೇಳುವವರು ಹೆಚ್ಚಾಗಿ ಕಾಲೇಜಿಗಲ್ಲ, ಅಂಗಡಿ ಕೆಲಸಕ್ಕೆ ಹೊರಟವರು. ಮೂರು ವರ್ಷ ಓದಿದ್ದಾರೆ, ಸರ್ಟಿಫಿಕೇಟ್ ಇಲ್ಲ.

ಸರ್ಕಾರ ಏನೂ ಮಾಡಿಲ್ಲವೇ? ಮಾಡಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಜಾಂಬೋಟಿ, ಕಣಕುಂಬಿ ಕಡೆಯ ಹುಡುಗಿಗೆ ಬಸ್ ಖರ್ಚು ಉಳಿಯಿತು. (ಟಿಕೆಟ್ ಫ್ರೀ, ಸರಿ. ಮಳೆಗಾಲದಲ್ಲಿ ಬಸ್ಸೇ ಬರದಿದ್ದರೆ?) ಇನ್ನೊಂದು ತುದಿಯಲ್ಲಿ ಯುವನಿಧಿ ಇದೆ: ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಅಂದರೆ ಕಾಲೇಜಿನ ಬಾಗಿಲವರೆಗೆ ಒಂದು ಯೋಜನೆ, ಪಾಸಾದ ಮೇಲೆ ಇನ್ನೊಂದು. ನಡುವೆ ಮುಗ್ಗರಿಸಿದವರಿಗೆ? ಒಂದು ಪೇಪರ್ ಉಳಿದರೂ ಯುವನಿಧಿ ಇಲ್ಲ.

ಆ ನಡುವಿನ ಜಾಗದಲ್ಲೇ ನೀತಿ ಎರಡು ಸಲ ಬದಲಾಯಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಯಾವುದು ಸರಿ ಎಂಬ ವಾದ ಬೆಂಗಳೂರಿನಲ್ಲಿ ಜೋರಾಗಿಯೇ ನಡೆಯಿತು. ಹಳೆಯ ಸಿಲೆಬಸ್‌ನಲ್ಲಿ ಬ್ಯಾಕ್ ಉಳಿಸಿಕೊಂಡವರ ಕಷ್ಟ ಬೇರೆ. ಪರೀಕ್ಷೆಗೇನೋ ಕೂರಬಹುದು, ಆದರೆ ಆ ಪಾಠ ಈಗ ಕ್ಲಾಸಿನಲ್ಲಿಲ್ಲ. ಮರಾಠಿ ಮಾಧ್ಯಮದಲ್ಲಿ ಓದಿ ಬಂದ ಖಾನಾಪುರದ ಮಕ್ಕಳಿಗಂತೂ ಇಂಗ್ಲಿಷ್ ನೋಟ್ಸ್ ಹಿಡಿದು ಒಬ್ಬರೇ ಓದಿ ಪಾಸಾಗುವುದು ಸುಲಭದ ಮಾತಲ್ಲ.

ಕೇಳೋಣವೆಂದರೆ ಮೇಷ್ಟ್ರೂ ಬದಲಾಗಿರುತ್ತಾರೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಬಹುಪಾಲು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. 2023ರ ಕೊನೆಗೆ ಅವರು ಮುಷ್ಕರ ಹೂಡಿದಾಗ ಪಾಠಗಳೇ ನಿಂತವು. ಅವರ ಬೇಡಿಕೆ ನ್ಯಾಯವಾದದ್ದೇ. ಕಳೆದ ಪಾಠದ ಲೆಕ್ಕ ಮಾತ್ರ ಬಂದದ್ದು ವಿದ್ಯಾರ್ಥಿಯ ಅಂಕಪಟ್ಟಿಗೆ.

ನನ್ನ ಪ್ರಕಾರ ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಬ್ಯಾಕ್ ಉಳಿದವರಿಗೆ ಪರೀಕ್ಷೆಗೆ ಮುಂಚೆ ಒಂದು ತಿಂಗಳು ಪಾಠ ಮಾಡಿಸಲಿ, ಆ ತರಗತಿಗೆ ಸಂಬಳ ಕೊಡಲಿ. ಪಾಠ ಖಾನಾಪುರದಲ್ಲೇ ನಡೆಯಲಿ. ಕೂಲಿ ಬಿಟ್ಟು ಬೆಳಗಾವಿಗೆ ಬರಲು ಎಲ್ಲರಿಗೂ ಆಗುವುದಿಲ್ಲ. ಜೊತೆಗೆ, ಪ್ರತಿ ವರ್ಷ ಎಷ್ಟು ಮಂದಿ ಸೇರಿದರು ಎಂದು ಹೇಳಿಕೊಳ್ಳುವ ಕಾಲೇಜು, ಅದೇ ಬ್ಯಾಚಿನಲ್ಲಿ ಎಷ್ಟು ಮಂದಿ ಮುಗಿಸಿದರು ಎಂಬುದನ್ನೂ ನೋಟಿಸ್ ಬೋರ್ಡಿಗೆ ಹಾಕಲಿ.